ಮಾತಿನ ಮರ್ಮವನ್ನರಿತ ಶ್ರೀ ಶ್ರೀಪಾದರಾಜರು

ಜ್ಯೇಷ್ಠ ಶುದ್ಧ ಚತುರ್ದಶಿಯು ಶ್ರೀ ಶ್ರೀಪಾದರಾಜರ ಆರಾಧನೆಯ ಪುಣ್ಯದಿನ. ಮುಳಬಾಗಿಲಿಗೆ ಸಮೀಪವಿರುವ ನರಸಿಂಹತೀರ್ಥದ ವೃಂದಾವನ ಸನ್ನಿಧಿಗೆ ನೆರೆಯ ನಮ್ಮ ಶ್ರೀನಿವಾಸಪುರದ ಸೀಮೆಯಿಂದಲೂ ಭಕ್ತರು ತೆರಳುವುದುಂಟು. ಗುರುಗಳ ಮಹಿಮೆಗಳನ್ನು ಕೇಳದವರು ವಿರಳ. ಆದರೆ ಅವರ ಜೀವನದ ಆದಿಯಿಂದ ಅಂತ್ಯದವರೆಗೆ ಹರಿದು ಬಂದಿರುವ ಒಂದು ಗುಣವನ್ನು ನಾವು ಸಾಕಷ್ಟು ಮನನ ಮಾಡಿಲ್ಲ. ಆಡುವ ಮಾತು ಕೇಳುವವನ ಹೃದಯವನ್ನು ಹೇಗೆ ಸೇರಬೇಕೆಂಬ ವಿವೇಕವೇ ಆ ಗುಣ.

ಚನ್ನಪಟ್ಟಣದ ಸಮೀಪದ ಅಬ್ಬೂರು ಅವರ ಜನ್ಮಸ್ಥಳ. ತಂದೆ ಶೇಷಗಿರಿಯಪ್ಪನವರು, ತಾಯಿ ಗಿರಿಯಮ್ಮನವರು. ಬಾಲಕನ ಹೆಸರು ಲಕ್ಷ್ಮೀನಾರಾಯಣ. ಮನೆಯಲ್ಲಿ ಬಡತನವಿದ್ದುದರಿಂದ ದನ ಕಾಯುವ ಕೆಲಸವೂ ಅವನದಾಗಿತ್ತು. ಶ್ರೀಪದ್ಮನಾಭತೀರ್ಥರ ಪರಂಪರೆಯ ಶ್ರೀ ಸ್ವರ್ಣವರ್ಣತೀರ್ಥರು ಒಂದು ಸಂಜೆ ಪರಿವಾರದೊಡನೆ ಆ ಮಾರ್ಗವಾಗಿ ಬರುತ್ತಿದ್ದರು. ಹೊಲದ ಬದಿಯಲ್ಲಿದ್ದ ಈ ಹುಡುಗನನ್ನು ಕಂಡು ಅಬ್ಬೂರು ಇನ್ನೆಷ್ಟು ದೂರವೆಂದು ವಿಚಾರಿಸಿದರು. ಬಾಲಕನು ಹರದಾರಿಯ ಲೆಕ್ಕವನ್ನು ಹೇಳಲಿಲ್ಲ. ಮುಳುಗುತ್ತಿರುವ ಸೂರ್ಯನನ್ನು ನೋಡಬೇಕು, ತನ್ನನ್ನೂ ತನ್ನ ದನಕರುಗಳನ್ನೂ ನೋಡಬೇಕು, ಆಮೇಲೆ ದೂರವನ್ನು ತಾವೇ ತಿಳಿದುಕೊಳ್ಳಬಹುದೆಂದು ಬಿನ್ನವಿಸಿದನಂತೆ.

ಈ ಉತ್ತರವನ್ನು ಬಿಡಿಸಿ ನೋಡೋಣ. ಹೊತ್ತು ಮುಳುಗುತ್ತಿದೆ. ಆದರೂ ಇಷ್ಟು ಚಿಕ್ಕ ಹುಡುಗನು ಭಯವಿಲ್ಲದೆ ಬಯಲಿನಲ್ಲಿ ನಿಂತಿದ್ದಾನೆ. ದನಗಳು ಕತ್ತಲಾಗುವ ಮೊದಲು ಕೊಟ್ಟಿಗೆ ಸೇರಲೇಬೇಕು. ಆದುದರಿಂದ ಊರು ಇಲ್ಲಿಯೇ ಇದೆ. ಸ್ವಾಮಿಗಳು ಕೇಳಿದ್ದು ದೂರವನ್ನು; ಅವರಿಗೆ ನಿಜವಾಗಿ ಬೇಕಾಗಿದ್ದುದು ಕತ್ತಲಾಗುವುದರೊಳಗೆ ಊರನ್ನು ಸೇರಬಹುದೇ ಎಂಬ ನಿಶ್ಚಯ. ಬಾಲಕನು ಪ್ರಶ್ನೆಯ ಶಬ್ದಕ್ಕೆ ಉತ್ತರಿಸದೆ ಪ್ರಶ್ನೆಯ ಅಭಿಪ್ರಾಯಕ್ಕೆ ಉತ್ತರಿಸಿದನು. ಅಳೆದು ನೋಡದ ದಾರಿಗೆ ಸುಳ್ಳು ಲೆಕ್ಕವನ್ನೂ ಕೊಡಲಿಲ್ಲ.

ಇಲ್ಲಿ ಅಲಂಕಾರಶಾಸ್ತ್ರದ ಪ್ರಸಿದ್ಧ ಉದಾಹರಣೆಯೊಂದು ನೆನಪಾಗದಿರದು. ಸೂರ್ಯನು ಮುಳುಗಿದನೆಂಬ ಒಂದೇ ಮಾತು ದನ ಕಾಯುವವನಿಗೆ ಹಿಂಡನ್ನು ಮನೆಗೆ ಹೊಡೆಯೆಂದೂ, ಕೂಲಿಯವನಿಗೆ ಕೆಲಸ ನಿಲ್ಲಿಸೆಂದೂ, ಕರ್ಮಠನಿಗೆ ಸಂಧ್ಯಾವಂದನೆಗೆ ಏಳೆಂದೂ ಧ್ವನಿಸುತ್ತದೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ವಿವರಿಸಿದ್ದಾನೆ. ವಾಚ್ಯಾರ್ಥವು ಒಂದೇ, ಹೇಳುವವರು, ಕೇಳುವವರು, ಸಂದರ್ಭ ಇವುಗಳಿಂದ ಹೊರಡುವ ಅರ್ಥಗಳು ಹಲವು. ಪಂಡಿತರು ಗ್ರಂಥದಲ್ಲಿ ಕಲಿಯುವುದನ್ನು ಆ ಬಾಲಕನು ಹೊಲದ ಬದಿಯಲ್ಲಿ ನಿಂತು ತೋರಿಸಿದನು.

ಆದರೆ ಈ ಘಟನೆಯಲ್ಲಿ ಅರ್ಧ ಪಾಲು ಕೇಳಿದವರಿಗೆ ಸಲ್ಲಬೇಕು. ಯತಿಗಳಿಗೆ ನೇರವಾಗಿ ಉತ್ತರಿಸದ ಹುಡುಗನನ್ನು ಉದ್ಧಟನೆಂದು ಗದರಿಸಿ ಮುಂದೆ ಹೋಗುವುದು ಎಷ್ಟು ಸುಲಭವಾಗಿತ್ತು! ಹಾಗೆ ಹೋಗಿದ್ದರೆ ಅಬ್ಬೂರಿನ ಆ ಬಾಲಕನು ದನಗಳ ಹಿಂದೆಯೇ ಉಳಿದುಬಿಡುತ್ತಿದ್ದನೋ ಏನೋ. ಸ್ವರ್ಣವರ್ಣತೀರ್ಥರು ಮಾತಿನೊಳಗಿನ ಬುದ್ಧಿಯನ್ನು ಕಂಡರು. ಹೆತ್ತವರ ಒಪ್ಪಿಗೆ ಪಡೆದು ಅವನನ್ನು ಕರೆದೊಯ್ದರು. ಮುಂದೆ ಅವನೇ ಶ್ರೀ ಲಕ್ಷ್ಮೀನಾರಾಯಣತೀರ್ಥರಾಗಿ ಪೀಠವನ್ನೇರಿದರು. ಶ್ರೀ ವಿಬುಧೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ನಡೆಯಿತು. ಅವರ ಪಾಂಡಿತ್ಯಕ್ಕೆ ಮನಸೋತ ಹಿರಿಯ ಯತಿಗಳೇ ಶ್ರೀಪಾದರಾಜರೆಂಬ ಬಿರುದಿತ್ತರೆಂದು ಸಂಪ್ರದಾಯವು ಹೇಳುತ್ತದೆ. ಇಂದು ಆ ಬಿರುದೇ ಅವರ ಹೆಸರು.

ಶ್ರೀ ಜಯತೀರ್ಥರ ನ್ಯಾಯಸುಧೆಗೆ ಅವರು ಬರೆದ ವ್ಯಾಖ್ಯಾನದ ಹೆಸರು ವಾಗ್ವಜ್ರ. ಮಾತೆಂಬ ವಜ್ರಾಯುಧ! ವಿದ್ವಾಂಸರ ಸಭೆಗೆ ಅಂತಹ ಮಾತೇ ಬೇಕು. ಮುಳಬಾಗಿಲಿನಲ್ಲಿ ಅವರಲ್ಲಿ ಶಾಸ್ತ್ರ ಕಲಿತವರಲ್ಲಿ ಶ್ರೀ ವ್ಯಾಸರಾಜರು ಅಗ್ರಗಣ್ಯರು. ಹೀಗೆ ವಜ್ರದಂತಹ ಸಂಸ್ಕೃತವನ್ನು ಕೈಯಲ್ಲಿ ಹಿಡಿದಿದ್ದವರೇ ರಂಗವಿಠಲನೆಂಬ ಅಂಕಿತದಲ್ಲಿ ಕನ್ನಡದ ಕೀರ್ತನೆಗಳನ್ನು ರಚಿಸಿದರು. ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳನ್ನು ಹಾಡಿದರು. ದೇವರ ಸನ್ನಿಧಿಯಲ್ಲಿ ದೇವಭಾಷೆಯೇ ಸಲ್ಲಬೇಕೆಂಬ ಭಾವನೆ ಗಾಢವಾಗಿದ್ದ ಕಾಲವದು. ಪೀಠಸ್ಥರಾದ ಯತಿಗಳೇ ಪೂಜಾಕಾಲದಲ್ಲಿ ಕನ್ನಡ ಪದಗಳಿಗೆ ಸ್ಥಾನ ಕೊಟ್ಟುದು ಸಾಮಾನ್ಯ ಸಂಗತಿಯಲ್ಲ. ಅವರು ಬಯಸಿದ್ದು ಸಿದ್ಧಾಂತದ ಬದಲಾವಣೆಯನ್ನಲ್ಲ. ಅದು ತಲುಪಬೇಕಾದ ಕಿವಿಗಳ ವಿಸ್ತಾರವನ್ನು. ಅವರು ತೆರೆದ ದಾರಿಯಲ್ಲಿ ವ್ಯಾಸರಾಜರೂ, ಪುರಂದರದಾಸರೂ, ಕನಕದಾಸರೂ ನಡೆದು ಬಂದರು.

ಮಾತಿಗೂ ಒಂದು ಮಿತಿಯುಂಟೆಂಬುದನ್ನು ಅವರು ಅರಿತಿದ್ದರು. 1485ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ಸಾಳುವ ನರಸಿಂಹನಿಗೆ ತಟ್ಟಿದ್ದ ದೋಷವನ್ನು ಅವರು ಶಂಖೋದಕದಿಂದ ಪರಿಹರಿಸಿದರೆಂದೂ, ಕೆಲವರು ಅದನ್ನು ಹಾಸ್ಯ ಮಾಡಿದರೆಂದೂ ಐತಿಹ್ಯವಿದೆ. ಆಗ ಗುರುಗಳು ವಾದಕ್ಕೆ ಇಳಿಯಲಿಲ್ಲ. ಗೇರೆಣ್ಣೆಯ ಕಲೆಯಿಂದ ಕಪ್ಪಾದ ವಸ್ತ್ರದ ಮೇಲೆ ಅದೇ ಶಂಖೋದಕವನ್ನು ಪ್ರೋಕ್ಷಿಸಿ ಬಿಳುಪಾಗಿಸಿ ತೋರಿದರಂತೆ. ಕೇಳಲು ಮನಸ್ಸಿಲ್ಲದವರ ಮುಂದೆ ಮಾತನ್ನು ಬೆಳೆಸಿ ಫಲವಿಲ್ಲ.

ಈ ಸಂದರ್ಭದಲ್ಲಿ ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳಬೇಕು. ಪಾಠಶಾಲೆಯಿಂದ ಬಂದ ಹೊಸದರಲ್ಲಿ ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರವಚನ ಮಾಡಿದೆ. ಮನೆಯಲ್ಲಿ ತೆಲುಗನ್ನೂ ಹೊರಗೆ ಕನ್ನಡವನ್ನೂ ಆಡುವ ಜನ. ತಾತ್ಪರ್ಯನಿರ್ಣಯಕ್ಕೆ ಬೇಕಾದ ಉಪಕ್ರಮ, ಉಪಸಂಹಾರ, ಅಭ್ಯಾಸ, ಅಪೂರ್ವತೆಗಳನ್ನು ಒಂದೊಂದಾಗಿ ಸಂಸ್ಕೃತದಲ್ಲಿಯೇ ವಿಸ್ತರಿಸಿದೆ. ಒಬ್ಬ ವೃದ್ಧೆ ಕೈಮುಗಿದು ಎದ್ದು, ಎಲೆ ಹಾಕಲು ಹೇಳಬಹುದೇ ಸ್ವಾಮಿ ಎಂದು ಬಹಳ ವಿನಯದಿಂದ ಕೇಳಿದರು. ಆಕೆ ಎಲೆಯ ವಿಷಯವನ್ನು ಕೇಳಲಿಲ್ಲವೆಂಬುದು ನನಗೆ ಮನೆಗೆ ಹಿಂದಿರುಗುವ ದಾರಿಯಲ್ಲಿ ಹೊಳೆಯಿತು. ತಾತ್ಪರ್ಯವನ್ನು ಕುರಿತು ಎರಡು ಗಂಟೆ ಮಾತನಾಡಿದವನಿಗೆ ಎದುರಿಗಿದ್ದವರ ತಾತ್ಪರ್ಯವೇ ತಿಳಿಯಲಿಲ್ಲ.

ಆಡುವವರಿಗೆ ಆ ಬಾಲಕನ ವಿವೇಕವೂ, ಕೇಳುವವರಿಗೆ ಸ್ವರ್ಣವರ್ಣತೀರ್ಥರ ತಾಳ್ಮೆಯೂ ದೊರೆತರೆ ನಮ್ಮ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಎಷ್ಟೋ ವೈಮನಸ್ಯಗಳು ಹುಟ್ಟುವ ಮೊದಲೇ ಶಮನವಾದಾವು. ಆರಾಧನೆಯಂದು ವೃಂದಾವನಕ್ಕೆ ಪ್ರದಕ್ಷಿಣೆ ಬರುವಾಗ ಇದನ್ನೇ ಗುರುಗಳಲ್ಲಿ ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು.