ಕರಿಹಲಗೆಯ ಮುಂದೆ ನಿಂತ ಅಧ್ಯಕ್ಷ

ಖಿಲಾಫತ್ ಚಳವಳಿಯ ಪಾಠವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದವರೇ. ಆ ಖಲೀಫರ ಪದವಿಯನ್ನೇ 1924ರಲ್ಲಿ ರದ್ದು ಮಾಡಿಸಿದವರು ತುರ್ಕಿಯವರೇ ಆದ ಮುಸ್ತಫಾ ಕೆಮಾಲ್. ನನಗೆ ಅವರ ಬಗ್ಗೆ ಕುತೂಹಲ ಹುಟ್ಟಿದ್ದು ಮಾತ್ರ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಒಂದು ಚುಕ್ಕೆಯಿಂದ. ಇಂಗ್ಲಿಷಿನಲ್ಲಿ ಸಣ್ಣ ‘ಐ’ ಅಕ್ಷರದ ತಲೆಯ ಮೇಲೆ ಚುಕ್ಕೆ ಇದೆ, ದೊಡ್ಡದಕ್ಕೆ ಇಲ್ಲ. ತುರ್ಕಿ ಭಾಷೆಯಲ್ಲಿ ಚುಕ್ಕೆ ಇರುವುದೇ ಒಂದು ಅಕ್ಷರ, ಇಲ್ಲದ್ದೇ ಇನ್ನೊಂದು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರೋಗ್ರಾಂ ತುರ್ಕಿಯ ಕಂಪ್ಯೂಟರಿನಲ್ಲಿ ಎಡವುತ್ತದೆ. ಈ ಅಕ್ಷರಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದರೆ ಸಿಕ್ಕವರು ಕೆಮಾಲ್.

ಅವರು ಹುಟ್ಟಿದ್ದು 1881ರಲ್ಲಿ, ಈಗ ಗ್ರೀಸಿಗೆ ಸೇರಿರುವ ಸಲೋನಿಕಾದಲ್ಲಿ. ತಂದೆ ಬೇಗ ತೀರಿಕೊಂಡರು. ಸೈನಿಕ ಶಾಲೆ ಸೇರಿದ ಹುಡುಗನಿಗೆ ಕೆಮಾಲ್ ಎಂಬ ಎರಡನೆಯ ಹೆಸರು ಕೊಟ್ಟವರು ಗಣಿತದ ಮೇಷ್ಟ್ರಂತೆ. 1915ರ ಗೆಲಿಪೊಲಿ ಯುದ್ಧದಲ್ಲಿ ಹೆಸರು ಮಾಡಿದರು. ಸುಲ್ತಾನರ ಸಾಮ್ರಾಜ್ಯ ಸೋತು ಚೂರಾದಾಗ ದಂಡು ಕಟ್ಟಿ ಹೋರಾಡಿ, 1923ರ ಅಕ್ಟೋಬರ್ 29ರಂದು ಗಣರಾಜ್ಯದ ಮೊದಲ ಅಧ್ಯಕ್ಷರಾದರು.

ಯುದ್ಧ ಗೆದ್ದವರು ಬಹಳ ಜನ ಇದ್ದಾರೆ. ಕೆಮಾಲರು ಜನರ ದಿನನಿತ್ಯಕ್ಕೇ ಕೈಹಾಕಿದರು. 1925ರಲ್ಲಿ ಗಂಡಸರ ತಲೆಯಿಂದ ಫೆಜ್ ಟೋಪಿ ಇಳಿಯಿತು, ಹ್ಯಾಟು ಏರಿತು. ಸೂರ್ಯ ಮುಳುಗಿದಾಗ ಹನ್ನೆರಡು ಎಂದು ಎಣಿಸುತ್ತಿದ್ದ ಗಡಿಯಾರ ಮರುವರ್ಷ ಬದಲಾಯಿತು. 1928ರಲ್ಲಿ ಲಿಪಿಯ ಸರದಿ. ಆಗ ಓದುಬರಹ ಬಲ್ಲವರು ಹತ್ತರಲ್ಲಿ ಸುಮಾರು ಒಬ್ಬರು. ಅರಬ್ಬಿ ಲಿಪಿ ಬಿಟ್ಟು ರೋಮನ್ ಲಿಪಿಗೆ ಬರಲು ಕನಿಷ್ಠ ಐದು ವರ್ಷ ಬೇಕೆಂದರು ಪಂಡಿತರು. ಮೂರೇ ತಿಂಗಳು ಎಂದು ಇವರು ಹಟ ಹಿಡಿದರಂತೆ. ತಾವೇ ಊರೂರಿಗೆ ಹೋಗಿ, ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತು ಕಲಿಸಿದರು. ನವೆಂಬರಿನಲ್ಲಿ 29 ಅಕ್ಷರಗಳ ಕಾನೂನು ಬಂತು. ಗಡುವು ಎಂದರೇನೆಂದು ಬಲ್ಲ ನನ್ನಂಥವನಿಗೆ ಇದು ನಂಬಲು ಕಷ್ಟ!

ಅಕ್ಷರ ಕಲಿತವರು ಹೆಚ್ಚಿದರು, ನಿಜ. ಆದರೆ ಅಜ್ಜ ಬರೆದ ಕಾಗದ ಮೊಮ್ಮಗನಿಗೆ ಓದಲು ಬಾರದಾಯಿತು. 1934ರಲ್ಲಿ ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ಕಾನೂನಾದಾಗ ಕೆಮಾಲರಿಗೆ ಸಂಸತ್ತು ಕೊಟ್ಟದ್ದು ಅತಾತುರ್ಕ್, ತುರ್ಕರ ತಂದೆ ಎಂಬ ಹೆಸರು. ಅದೇ ದೇಶದ ಕುರ್ದರು ಮಾತ್ರ ತಮ್ಮ ಕುಲದ ಹೆಸರು ಬಿಟ್ಟು ತುರ್ಕಿ ಹೆಸರು ಹೊರಬೇಕಾಯಿತು. ಕುರ್ದಿಶ್ ಭಾಷೆಗೆ ಬೇಕಾದ ಕ್ಯೂ, ಡಬ್ಲ್ಯೂ, ಎಕ್ಸ್ ಆ 29ರಲ್ಲಿ ಇಲ್ಲ. ನೆವ್ರೋಜ್ ಹಬ್ಬದ ಹೆಸರನ್ನು ಡಬ್ಲ್ಯೂ ಹಾಕಿ ಬರೆದವರ ಮೇಲೆ ಮೊಕದ್ದಮೆ ಹೂಡಿದ್ದೂ ಉಂಟು. ಆ ನಿರ್ಬಂಧ ಸಡಿಲವಾದದ್ದು 2013ರಲ್ಲಿ. ಒಬ್ಬರ ಗುರುತು ಕಟ್ಟುವಾಗ ಪಕ್ಕದ ಮನೆಯವನ ಗುರುತು ಅಳಿಸಬೇಕಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1938ರ ನವೆಂಬರ್ 10, ಬೆಳಗ್ಗೆ 9 ಗಂಟೆ 5 ನಿಮಿಷಕ್ಕೆ ಇಸ್ತಾಂಬುಲ್‌ನಲ್ಲಿ ಅವರು ತೀರಿಕೊಂಡರು. ಇಂದಿಗೂ ಪ್ರತಿವರ್ಷ ಆ ಹೊತ್ತಿಗೆ ಸೈರನ್ ಕೂಗುತ್ತದೆ. ರಸ್ತೆಯಲ್ಲಿ ಹೋಗುತ್ತಿದ್ದವರು ವಾಹನ ನಿಲ್ಲಿಸಿ, ಇಳಿದು, ಸುಮ್ಮನೆ ನಿಲ್ಲುತ್ತಾರೆ.