ಜಲಚಕ್ರವನ್ನು ಅಳೆದು ನೋಡಿದ ಜಾನ್ ಸ್ಮೀಟನ್ (1724–1792)

ಕುರುಗೋಡು ಮತ್ತು ಸಿರುಗುಪ್ಪ ಭಾಗದ ಭತ್ತದ ಗದ್ದೆಗಳು ತುಂಗಭದ್ರೆಯ ನೀರನ್ನು ನಂಬಿರುವಂಥವು. ಇಂದು ಆ ಭತ್ತ ಅಕ್ಕಿಯಾಗುವುದು ವಿದ್ಯುತ್ ಗಿರಣಿಗಳಲ್ಲಿ. ಹಿಂದೆ ಮನೆಯ ಒರಳು ಮತ್ತು ಬೀಸುಕಲ್ಲುಗಳು ಆ ಕೆಲಸ ಮಾಡುತ್ತಿದ್ದವು. ಬಾವಿಯ ನೀರನ್ನು ಎತ್ತಿನ ಕಪಿಲೆ ಮೇಲೆತ್ತುತ್ತಿತ್ತು. ನೀರನ್ನು ಕಾಲುವೆಯಲ್ಲಿ ನಡೆಸುವ ವಿದ್ಯೆಯಲ್ಲಿ ವಿಜಯನಗರ ಕಾಲದ ನಮ್ಮ ಹಿರಿಯರು ನಿಪುಣರಾಗಿದ್ದರು. ಹರಿಯುವ ನೀರಿನಿಂದಲೇ ಗಿರಣಿಯ ಕಲ್ಲನ್ನು ತಿರುಗಿಸುವ ಪದ್ಧತಿ ಹಿಮಾಲಯದ ತಪ್ಪಲಿನಲ್ಲಿ ಹಾಗೂ ಯುರೋಪಿನ ಹಳ್ಳಿಗಳಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಆದರೆ ಯಾವ ಬಗೆಯ ಚಕ್ರ ಎಷ್ಟು ನೀರಿಗೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಹದಿನೆಂಟನೆಯ ಶತಮಾನದ ನಡುಭಾಗದವರೆಗೆ ಯಾರೂ ಕ್ರಮಬದ್ಧವಾಗಿ ಅಳೆದು ತೀರ್ಮಾನಿಸಿರಲಿಲ್ಲ. ಆ ಕೆಲಸ ಮಾಡಿದವರು ಇಂಗ್ಲೆಂಡಿನ ಜಾನ್ ಸ್ಮೀಟನ್.

ಸ್ಮೀಟನ್ ಅವರು 1724ರ ಜೂನ್ 8ರಂದು ಲೀಡ್ಸ್ ಪಟ್ಟಣದ ಸಮೀಪದ ಆಸ್ತಾರ್ಪ್ ಎಂಬ ಊರಿನಲ್ಲಿ ಜನಿಸಿದರು. ತಂದೆ ವಕೀಲರು. ಮಗನೂ ಅದೇ ವೃತ್ತಿಗೆ ಬರಲೆಂದು ಅವರನ್ನು 1742ರಲ್ಲಿ ಲಂಡನ್ನಿಗೆ ಕಳುಹಿಸಲಾಯಿತು. ಬಾಲ್ಯದಿಂದಲೂ ಉಪಕರಣಗಳ ಗೀಳು ಹತ್ತಿದ್ದ ಹುಡುಗನಿಗೆ ಕಾನೂನಿನ ಕಡತಗಳು ರುಚಿಸಲಿಲ್ಲ. ಕೊನೆಗೆ ತಂದೆಯ ಒಪ್ಪಿಗೆ ಪಡೆದು ವೈಜ್ಞಾನಿಕ ಉಪಕರಣಗಳನ್ನು ತಯಾರಿಸುವ ಕಸುಬಿಗೆ ಇಳಿದರು. 1753ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಮುಂದೆ ಅವರು ಮಾಡಿದ ಎಲ್ಲ ಕೆಲಸಕ್ಕೂ ಈ ಉಪಕರಣ ತಯಾರಕನ ಕೈಚಳಕ ಮತ್ತು ಅಳತೆಯ ಶಿಸ್ತೇ ಅಡಿಪಾಯವಾಯಿತೆಂದು ಹೇಳಬಹುದು.

ಆಗ ಬಳಕೆಯಲ್ಲಿದ್ದ ಜಲಚಕ್ರಗಳಲ್ಲಿ ಎರಡು ಮುಖ್ಯ ಬಗೆಗಳಿದ್ದವು. ಒಂದು ಕೆಳಹರಿವಿನ ಚಕ್ರ. ಹೊಳೆಯ ನೀರು ಚಕ್ರದ ಅಡಿಯ ಹಲಗೆಗಳಿಗೆ ಬಡಿದು ಅದನ್ನು ತಳ್ಳಿಕೊಂಡು ಹೋಗುತ್ತದೆ. ಇನ್ನೊಂದು ಮೇಲ್ಹರಿವಿನ ಚಕ್ರ. ದೋಣಿಯ ಮೂಲಕ ತಂದ ನೀರು ಚಕ್ರದ ತಲೆಯ ಮೇಲಿನ ತೊಟ್ಟಿಗಳಿಗೆ ತುಂಬಿ, ತನ್ನ ಭಾರದಿಂದಲೇ ಕೆಳಗಿಳಿಯುತ್ತ ಚಕ್ರವನ್ನು ತಿರುಗಿಸುತ್ತದೆ. ಇವೆರಡರಲ್ಲಿ ಯಾವುದು ಮೇಲು ಎಂಬ ವಿಷಯದಲ್ಲಿ ಪಂಡಿತರಲ್ಲೇ ಒಮ್ಮತವಿರಲಿಲ್ಲ. ಫ್ರಾನ್ಸಿನ ಬೆಲಿಡೋರ್ ಕೆಳಹರಿವಿನ ಚಕ್ರವನ್ನೇ ಎತ್ತಿಹಿಡಿದಿದ್ದರು. ಇಂಗ್ಲೆಂಡಿನ ಡೆಸಾಗುಲಿಯರ್ಸ್ ಅವರ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾಗಿದ್ದು, ಮೇಲ್ಹರಿವಿನ ಚಕ್ರ ಹತ್ತು ಪಟ್ಟು ಮಿಗಿಲು ಎಂಬುದು ಅವರ ಲೆಕ್ಕ. ಇದಕ್ಕೂ ಮೊದಲು, 1704ರಲ್ಲಿ, ಪ್ಯಾರಿಸ್ಸಿನ ಆಂತ್ವಾನ್ ಪರಾಂ ಎಂಬ ಗಣಿತಜ್ಞರು ಕೆಳಹರಿವಿನ ಚಕ್ರವು ನೀರಿನ ಶಕ್ತಿಯ 27ರಲ್ಲಿ 4 ಪಾಲನ್ನು ಮಾತ್ರ ಕೊಡಬಲ್ಲದು ಎಂದು ಕಾಗದದ ಮೇಲೆ ಸಾಧಿಸಿದ್ದರು. ಗಿರಣಿ ಕಟ್ಟುವ ಬಡಗಿ ಯಾರನ್ನು ನಂಬಬೇಕು? ತಪ್ಪು ಚಕ್ರ ಕಟ್ಟಿದರೆ ಬೇಸಿಗೆಯಲ್ಲಿ ಹೊಳೆ ಸಣ್ಣಗಾದಾಗ ಕಲ್ಲು ನಿಲ್ಲುತ್ತದೆ; ಕಲ್ಲು ನಿಂತರೆ ಊರಿಗೆ ಹಿಟ್ಟಿಲ್ಲ. ನೀರು ಕಡಿಮೆಯಿದ್ದ ಕಡೆ ಇದು ವಾದದ ವಿಷಯವಾಗಿರದೆ ಹೊಟ್ಟೆಯ ವಿಷಯವಾಗಿತ್ತು.

ಸ್ಮೀಟನ್ 1752 ಮತ್ತು 1753ರಲ್ಲಿ ಒಂದು ಮಾದರಿಯನ್ನು ಕಟ್ಟಿಕೊಂಡು ಪ್ರಯೋಗಕ್ಕೆ ತೊಡಗಿದರು. ಸುಮಾರು ಎರಡು ಅಡಿ ವ್ಯಾಸದ ಪುಟ್ಟ ಚಕ್ರ. ಮೇಲಿನ ತೊಟ್ಟಿಯಿಂದ ನೀರು ಚಕ್ರಕ್ಕೆ ಬರುತ್ತದೆ. ಕೆಳಗೆ ಬಿದ್ದ ನೀರನ್ನು ಕೈಪಂಪು ಮತ್ತೆ ಮೇಲಿನ ತೊಟ್ಟಿಗೆ ಏರಿಸುತ್ತದೆ. ತೊಟ್ಟಿಯ ಮಟ್ಟ ಬದಲಾಗದಂತೆ ಪಂಪನ್ನು ಆಡಿಸುತ್ತ, ನಿಮಿಷಕ್ಕೆ ಎಷ್ಟು ಬಾರಿ ಒತ್ತಿದರೆಂದು ಎಣಿಸಿದರೆ ಹರಿದ ನೀರಿನ ಪ್ರಮಾಣ ತಿಳಿಯುತ್ತದೆ. ಚಕ್ರದ ಅಚ್ಚಿಗೆ ಸುತ್ತಿದ ಹಗ್ಗವು ತೂಕದ ತಟ್ಟೆಯೊಂದನ್ನು ಮೇಲೆತ್ತುತ್ತದೆ. ಬಿದ್ದ ನೀರಿನ ತೂಕವನ್ನು ಬಿದ್ದ ಎತ್ತರದಿಂದ ಗುಣಿಸಿದರೆ ವ್ಯಯವಾದ ಶಕ್ತಿ; ಏರಿದ ತೂಕವನ್ನು ಏರಿದ ಎತ್ತರದಿಂದ ಗುಣಿಸಿದರೆ ದೊರೆತ ಫಲ. ಅಚ್ಚಿನ ಘರ್ಷಣೆಯಿಂದ ನಷ್ಟವಾಗುವ ಪಾಲನ್ನೂ ಅವರು ಪ್ರತ್ಯೇಕವಾಗಿ ಅಳೆದು ಲೆಕ್ಕಕ್ಕೆ ಸೇರಿಸಿದರು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು, ಉಳಿದವನ್ನು ಹಾಗೆಯೇ ಇಡುವುದು ಅವರ ಕ್ರಮ. ಕೃಷಿ ಸಂಶೋಧನಾ ಕೇಂದ್ರದ ತಾಕುಗಳಲ್ಲಿ ಗೊಬ್ಬರದ ಪ್ರಮಾಣವನ್ನು ಪರೀಕ್ಷಿಸುವ ವಿಧಾನವನ್ನು ಕಂಡಿರುವ ರೈತರಿಗೆ ಇದು ಹೊಸತೆನಿಸಲಾರದು.

ಫಲಿತಾಂಶ ಸ್ಪಷ್ಟವಾಗಿತ್ತು. ಕೆಳಹರಿವಿನ ಚಕ್ರವು ತನಗೆ ಬಡಿಯುವ ನೀರಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಪಾಲನ್ನು ಕೆಲಸವಾಗಿ ಮಾರ್ಪಡಿಸುತ್ತದೆ. ಮೇಲ್ಹರಿವಿನ ಚಕ್ರ ಸುಮಾರು ಮೂರನೆಯ ಎರಡು ಪಾಲನ್ನು. ಅಂದರೆ ಹತ್ತು ಪಟ್ಟಲ್ಲ, ಎರಡು ಪಟ್ಟು. ಪರಾಂ ಅವರ ಲೆಕ್ಕವೂ ವಾಸ್ತವಕ್ಕಿಂತ ಬಹಳ ಕಡಿಮೆಯೆಂದು ಸಾಬೀತಾಯಿತು. ನಮ್ಮ ಕಡೆಯ ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಕಾಲುವೆಯೊಂದರಲ್ಲಿ ಸೆಕೆಂಡಿಗೆ 100 ಲೀಟರ್ ನೀರು 2 ಮೀಟರ್ ಎತ್ತರದಿಂದ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಆ ನೀರಿನಲ್ಲಿರುವ ಶಕ್ತಿ ಸುಮಾರು 2 ಕಿಲೋವ್ಯಾಟ್. ಕೆಳಹರಿವಿನ ಚಕ್ರದಿಂದ ದೊರೆಯುವುದು ಅಬ್ಬಬ್ಬಾ ಎಂದರೆ 0.65 ಕಿಲೋವ್ಯಾಟ್, ಮೇಲ್ಹರಿವಿನ ಚಕ್ರದಿಂದ 1.3 ಕಿಲೋವ್ಯಾಟ್. ನೀರು ಅಷ್ಟೇ, ಇಳಿತವೂ ಅಷ್ಟೇ.

ವ್ಯತ್ಯಾಸದ ಕಾರಣವನ್ನೂ ಸ್ಮೀಟನ್ ಗುರುತಿಸಿದರು. ನೀರು ಹಲಗೆಗೆ ಅಪ್ಪಳಿಸಿ ಚೆದುರಿದಾಗ ಅದರ ಶಕ್ತಿಯ ದೊಡ್ಡ ಭಾಗ ನೊರೆ ಮತ್ತು ಸುಳಿಗಳಲ್ಲಿ ವ್ಯರ್ಥವಾಗುತ್ತದೆ. ತೊಟ್ಟಿಯಲ್ಲಿ ಮೆಲ್ಲನೆ ಕುಳಿತು ಇಳಿಯುವ ನೀರಿಗೆ ಆ ನಷ್ಟವಿಲ್ಲ. ಆದ್ದರಿಂದ ಇಳಿತದ ಬಹುಭಾಗವನ್ನು ಚಕ್ರದ ವ್ಯಾಸವೇ ಆವರಿಸಿಕೊಳ್ಳುವಂತೆ ದೊಡ್ಡ ಚಕ್ರ ಕಟ್ಟಬೇಕು ಮತ್ತು ಅದು ನಿಧಾನವಾಗಿ, ಅಂಚಿನಲ್ಲಿ ಸೆಕೆಂಡಿಗೆ ಸುಮಾರು ಮೂರು ಅಡಿ ವೇಗದಲ್ಲಿ, ತಿರುಗಬೇಕು ಎಂಬುದು ಅವರ ಸೂಚನೆ. ಚಕ್ರ ರಭಸದಿಂದ ತಿರುಗಿದರೆ ಹೆಚ್ಚು ಕೆಲಸವಾಗುತ್ತದೆಂಬ ಗಿರಣಿಗಾರರ ನಂಬಿಕೆ ಇದರಿಂದ ಬುಡಮೇಲಾಯಿತು. ಮೇಲ್ಹರಿವಿಗೆ ಬೇಕಾದಷ್ಟು ಇಳಿತವಿಲ್ಲದ ಸ್ಥಳಗಳಲ್ಲಿ ಚಕ್ರದ ನಡುಮಟ್ಟಕ್ಕೆ ನೀರು ಬಿಡುವ ಎದೆಮಟ್ಟದ ಚಕ್ರವನ್ನು ಅವರು ಆರಿಸಿಕೊಂಡರು. ಅವರು ಕಟ್ಟಿಸಿದ ಹಲವು ಗಿರಣಿಗಳಲ್ಲಿ ಈ ಮಧ್ಯಮ ಬಗೆಯೇ ಕಾಣಸಿಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಪ್ರಯೋಗ ಮುಗಿದ ಕೂಡಲೇ ಅವರು ಅದನ್ನು ಪ್ರಕಟಿಸಲಿಲ್ಲ. ಮಾದರಿಯಲ್ಲಿ ಕಂಡದ್ದು ನಿಜವಾದ ಗಿರಣಿಯಲ್ಲಿಯೂ ನಿಲ್ಲುತ್ತದೆಯೇ ಎಂದು ಕಟ್ಟಿ ನೋಡಿದರು. 1755ರಲ್ಲಿ ಹಾಲೆಂಡಿಗೆ ಹೋಗಿ ಅಲ್ಲಿನ ಕಾಲುವೆ ಮತ್ತು ಗಿರಣಿಗಳನ್ನು ನೋಡಿಬಂದರು. 1759ರಲ್ಲಿ ಮಾತ್ರ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. ಆ ವರ್ಷದ ಕಾಪ್ಲಿ ಪದಕ ಅದಕ್ಕೆ ಸಂದಿತು. ಆರು ವರ್ಷಗಳ ಈ ತಾಳ್ಮೆ ಪದಕಕ್ಕಿಂತ ದೊಡ್ಡದೆಂಬುದು ಈ ಲೇಖಕನ ಅನಿಸಿಕೆ.

ಅದೇ 1759ರ ಅಕ್ಟೋಬರ್‌ನಲ್ಲಿ ಅವರ ಇನ್ನೊಂದು ಕೆಲಸವೂ ಪೂರ್ಣಗೊಂಡಿತು. ಪ್ಲಿಮತ್ ಬಂದರಿನಾಚೆ ಸಮುದ್ರದ ನಡುವಣ ಎಡಿಸ್ಟೋನ್ ಬಂಡೆಯ ಮೇಲೆ, ಒಂದರೊಳಗೊಂದು ಹೆಣೆದುಕೊಳ್ಳುವಂತೆ ಕಡೆದ ಕಲ್ಲುಗಳಿಂದ ಅವರು ದೀಪಸ್ತಂಭ ಕಟ್ಟಿದರು. ನೀರಿನೊಳಗೂ ಗಟ್ಟಿಯಾಗುವ ಗಾರೆ ಅದಕ್ಕೆ ಬೇಕಾಗಿತ್ತು. ಬಗೆಬಗೆಯ ಸುಣ್ಣದಕಲ್ಲುಗಳನ್ನು ಪರೀಕ್ಷಿಸಿ, ಜೇಡಿಯ ಅಂಶವಿರುವ ಸುಣ್ಣದಕಲ್ಲಿನ ಸುಣ್ಣವೇ ನೀರಿನಲ್ಲಿ ಗಟ್ಟಿಯಾಗುತ್ತದೆಂದು ಕಂಡುಕೊಂಡರು. ಈ ಗುಣಕ್ಕೂ ನಮ್ಮ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೂ ನಂಟಿದೆ. ಸುಟ್ಟ ಜೇಡಿಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದ ಸುರ್ಕಿ ಗಾರೆಯಿಂದಲೇ ಆ ಅಣೆಕಟ್ಟಿನ ಕಲ್ಲುಕಟ್ಟಡ ನಿಂತಿದೆ. ಜೇಡಿ ಮತ್ತು ಸುಣ್ಣ ಸೇರಿದರೆ ನೀರಿಗೆ ಜಗ್ಗದ ಬಂಧ ಉಂಟಾಗುತ್ತದೆಂಬುದು ಎರಡೂ ಕಡೆ ಒಂದೇ ತತ್ವ.

ಚಕ್ರದ ವಿಷಯಕ್ಕೆ ಮರಳೋಣ. ಮರದ ಅಚ್ಚು ನೀರಿನಲ್ಲಿ ನೆನೆದು ಒಣಗಿ ಕೊಳೆಯುವುದು ಗಿರಣಿಗಳ ಹಳೆಯ ರೋಗ. ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣದ ಕಾರ್ಖಾನೆಗೆ ಸಲಹೆಗಾರರಾಗಿದ್ದ ಸ್ಮೀಟನ್ ಎರಕದ ಕಬ್ಬಿಣದ ಅಚ್ಚುಗಳನ್ನು ಬಳಕೆಗೆ ತಂದರು. ಆರಂಭದಲ್ಲಿ ಕೆಲವು ಒಡೆದವು. ಎರಕದ ಗುಣ ಸುಧಾರಿಸಿದಂತೆ ಪದ್ಧತಿ ನೆಲೆಯೂರಿತು. ಸೇತುವೆ, ಬಂದರು, ಫೋರ್ತ್ ಮತ್ತು ಕ್ಲೈಡ್ ಕಾಲುವೆ ಇವೂ ಅವರ ಲೆಕ್ಕಕ್ಕೆ ಸೇರುತ್ತವೆ. ಡಾಂಕಾಸ್ಟರ್ ಬಳಿಯ ಪಾಟರಿಕ್ ಕಾರ್ ಎಂಬ ಜೌಗು ಭೂಮಿಯಿಂದ ನೀರು ಬಸಿದು ಹೋಗುವ ಯೋಜನೆಯನ್ನೂ 1760ರ ದಶಕದಲ್ಲಿ ಅವರು ರೂಪಿಸಿದರು. ಕಾಲುವೆಯ ಕೊನೆಯ ಭಾಗದಲ್ಲಿ ಜೌಗು ಮತ್ತು ಸವಳಿನಿಂದ ಬಳಲುವ ನಮ್ಮ ರೈತರಿಗೆ ಅದರ ಬೆಲೆ ಗೊತ್ತು. 1771ರಲ್ಲಿ ತಮ್ಮಂಥವರನ್ನು ಕೂಡಿಸಿ ಸಿವಿಲ್ ಎಂಜಿನಿಯರುಗಳ ಸಂಘವನ್ನು ಕಟ್ಟಿದರು.

ಅವರ ತೀರ್ಮಾನವೂ ಒಂದು ಕಡೆ ತಪ್ಪಿತು. ಹಳೆಯ ಉಗಿಯಂತ್ರವನ್ನು ಅದೇ ಅಳತೆಯ ಕ್ರಮದಿಂದ ಪರೀಕ್ಷಿಸಿ ಬಹಳವಾಗಿ ಸುಧಾರಿಸಿದವರೂ ಅವರೇ. ಆದರೂ 1781ರಲ್ಲಿ ಹಿಟ್ಟಿನ ಗಿರಣಿಯೊಂದರ ಬಗ್ಗೆ ಅವರ ಸಲಹೆ ಕೇಳಿದಾಗ, ಉಗಿಯಂತ್ರ ನೇರವಾಗಿ ಕಲ್ಲು ತಿರುಗಿಸುವುದು ಬೇಡ, ಅದರಿಂದ ನೀರೆತ್ತಿ ಆ ನೀರಿನಿಂದ ಜಲಚಕ್ರ ತಿರುಗಿಸಿ ಎಂದು ತಿಳಿಸಿದರು. ನೀರಿನ ಚಕ್ರದ ಸಮಗತಿ ಉಗಿಗೆ ಬಾರದೆಂಬುದು ಅವರ ನಂಬಿಕೆ. ಜೇಮ್ಸ್ ವ್ಯಾಟ್ ಅವರ ತಿರುಗು ಯಂತ್ರ ಕೆಲವೇ ವರ್ಷಗಳಲ್ಲಿ ಅದನ್ನು ಸುಳ್ಳುಮಾಡಿತು.

ಮುಂದೆ ಫ್ರಾನ್ಸಿನ ಪಾನ್ಸ್‌ಲೆ ಕೆಳಹರಿವಿನ ಚಕ್ರಕ್ಕೆ ಬಾಗಿದ ಹಲಗೆಗಳನ್ನು ಜೋಡಿಸಿ, ನೀರು ಅಪ್ಪಳಿಸದೆ ಒಳನುಗ್ಗುವಂತೆ ಮಾಡಿದರು. ಅಮೆರಿಕದ ಪೆಲ್ಟನ್ ಚಿಮ್ಮುವ ನೀರನ್ನು ಎರಡಾಗಿ ಸೀಳುವ ಬಟ್ಟಲುಗಳನ್ನು ರೂಪಿಸಿದರು. ಜೋಗದಲ್ಲಿ 1948ರಲ್ಲಿ ಚಾಲನೆಗೊಂಡ ಜಲವಿದ್ಯುತ್ ಕೇಂದ್ರದಲ್ಲಿ ತಿರುಗುವುದು ಈ ಪೆಲ್ಟನ್ ಚಕ್ರಗಳೇ.

ಸ್ಮೀಟನ್ ಅವರು 1792ರ ಸೆಪ್ಟೆಂಬರ್‌ನಲ್ಲಿ ಮನೆಯ ತೋಟದಲ್ಲಿ ಅಡ್ಡಾಡುತ್ತಿದ್ದಾಗ ಪಾರ್ಶ್ವವಾಯುವಿಗೆ ತುತ್ತಾಗಿ, ಅಕ್ಟೋಬರ್ 28ರಂದು ಹುಟ್ಟೂರಿನಲ್ಲಿಯೇ ನಿಧನರಾದರು. ಎಡಿಸ್ಟೋನ್ ದೀಪಸ್ತಂಭದ ಅಡಿಯ ಬಂಡೆ ಸವೆಯತೊಡಗಿದ್ದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದರ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್ ದಡದಲ್ಲಿ ಮತ್ತೆ ಕಟ್ಟಲಾಯಿತು. ಗಾರೆ ಹಾಕಿದ ಬುಡ ಮಾತ್ರ ಈಗಲೂ ಸಮುದ್ರದ ಬಂಡೆಯ ಮೇಲೆಯೇ ನಿಂತಿದೆ.