ಮನೆಯ ಸುತ್ತಲಿನ ಹತ್ತು ಮೈಲಿ

ಮಕ್ಕಳೇ, ಬೇಸಿಗೆ ರಜೆಯಲ್ಲಿ ಡೆವನ್ನಿನ ಕಡಲು ನೋಡಲು ನಿಮ್ಮಲ್ಲಿ ಹಲವರು ಹೋಗಿಬಂದಿದ್ದೀರಿ. ದಾರಿಯ ಎರಡೂ ಬದಿಗೆ ಕಾರಿಗಿಂತ ಎತ್ತರದ ಬೇಲಿ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಅಪ್ಪ ಹಿಂದೆ ಹಿಂದೆ ಸರಿದು ಜಾಗ ಬಿಡಬೇಕಾದ ಕಿರುದಾರಿ ನೆನಪಿದೆಯೇ? ಆ ಬೇಲಿಯ ಆಚೆ ಯಾರಿದ್ದಾರೆ, ಬೆಳಗ್ಗೆ ಎದ್ದು ಏನು ಕೆಲಸ ಮಾಡುತ್ತಾರೆ ಎಂಬುದು ಕಾರಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಅದನ್ನು 17 ವರ್ಷ ನೋಡಿದ ಒಬ್ಬರ ಕಥೆ ಹೇಳುತ್ತೇನೆ. ಅವರ ಹೆಸರು ಜೇಮ್ಸ್ ರವಿಲಿಯಸ್.

ಜೇಮ್ಸ್ ಹುಟ್ಟಿದ್ದು 1939ರಲ್ಲಿ. ಅಪ್ಪ ಎರಿಕ್ ರವಿಲಿಯಸ್ ಹೆಸರಾಂತ ಚಿತ್ರಕಾರ. ಎರಡನೆಯ ಮಹಾಯುದ್ಧದ ಚಿತ್ರ ಬರೆಯಲೆಂದು ಸರ್ಕಾರ ಅವರನ್ನು ನೇಮಿಸಿತ್ತು. 1942ರಲ್ಲಿ ಐಸ್‌ಲ್ಯಾಂಡಿನ ಬಳಿ ಅವರಿದ್ದ ವಿಮಾನ ಕಾಣೆಯಾಯಿತು. ಮಗನಿಗೆ ಆಗ ಮೂರು ವರ್ಷ. ಅಮ್ಮ ಟರ್ಜಾ ಕೂಡ ಒಳ್ಳೆಯ ಕಲಾವಿದೆ. ಅವರೂ 1951ರಲ್ಲಿ ತೀರಿಕೊಂಡರು. ದೊಡ್ಡವರಾದ ಮೇಲೆ ಜೇಮ್ಸ್ ಚಿತ್ರಕಲೆ ಕಲಿತು ಲಂಡನ್ನಿನಲ್ಲಿ ಮೇಷ್ಟ್ರಾದರು. 1969ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸಾನ್ ಅವರ ಫೋಟೊಗಳನ್ನು ನೋಡಿದರು. ಕುಂಚ ಬಿಟ್ಟು ಕ್ಯಾಮೆರಾ ಹಿಡಿಯುವ ಮನಸ್ಸಾದದ್ದು ಆಮೇಲೆ. ಆ ವಿದ್ಯೆಯನ್ನು ತಾವೇ ಕಲಿತರು.

1972ರಲ್ಲಿ ಹೆಂಡತಿಯ ಜೊತೆ ಉತ್ತರ ಡೆವನ್ನಿಗೆ ಬಂದರು. ಟಾ ಮತ್ತು ಟೊರಿಡ್ಜ್ ಎಂಬ ಎರಡು ನದಿಗಳ ನಡುವಿನ ಸೀಮೆ ಅದು. ಅಲ್ಲಿ ಬೀಫರ್ಡ್ ಎಂಬ ಹಳ್ಳಿಯಲ್ಲಿ ಒಂದು ಕಲಾಕೇಂದ್ರವಿತ್ತು. ಸುತ್ತಲಿನ ಹಳ್ಳಿಗಳ ಬದುಕನ್ನು ಫೋಟೊಗಳಲ್ಲಿ ದಾಖಲಿಸಿಕೊಡಿ ಎಂದು ಕೇಂದ್ರದವರು ಕೇಳಿದರು. ಆ ಕೇಂದ್ರವನ್ನು 1966ರಲ್ಲಿ ಕಟ್ಟಿದ್ದು ಡಾರ್ಟಿಂಗ್ಟನ್ ಹಾಲ್ ಟ್ರಸ್ಟ್. ಡಾರ್ಟಿಂಗ್ಟನ್ನನ್ನು ಹೆಂಡತಿಯೊಡನೆ ಕಟ್ಟಿದ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅದಕ್ಕೂ ಮೊದಲು ಬಂಗಾಳದಲ್ಲಿದ್ದರು. ರವೀಂದ್ರನಾಥ ಠಾಕೂರರ ಜೊತೆ ಸೇರಿ 1922ರಲ್ಲಿ ಶ್ರೀನಿಕೇತನದಲ್ಲಿ ಹಳ್ಳಿಗಳ ಏಳಿಗೆಯ ಕೆಲಸ ಶುರುಮಾಡಿದವರು ಅವರೇ. ನಮ್ಮ ದೇಶದ ಒಂದು ಹಳ್ಳಿಯಲ್ಲಿ ಬಿದ್ದ ಬೀಜದ ಬಳ್ಳಿ ಇಲ್ಲಿಯವರೆಗೂ ಹಬ್ಬಿತ್ತು ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು.

ಸ್ವಲ್ಪ ದಿನದ ಕೆಲಸವೆಂದು ಒಪ್ಪಿಕೊಂಡದ್ದು 17 ವರ್ಷ ನಡೆಯಿತು. ತೆಗೆದದ್ದು 70,000ಕ್ಕೂ ಹೆಚ್ಚು ಚಿತ್ರ, ಎಲ್ಲವೂ ಕಪ್ಪು ಬಿಳುಪು. ಬಹುಪಾಲು ಅವರ ಮನೆಯಿಂದ ಸುಮಾರು 10 ಮೈಲಿಯೊಳಗಿನವು. ದೂರದ ದೇಶಗಳಿಗೆ ಹೋಗಿ ಚಿತ್ರ ತಂದವರನ್ನು ನಾವು ದೊಡ್ಡವರೆನ್ನುತ್ತೇವೆ. ಒಂದೇ ಸೀಮೆಯಲ್ಲಿ ಇಷ್ಟು ಕಾಲ ನಿಂತು ನೋಡುವುದು ಅದಕ್ಕಿಂತ ಕಷ್ಟ ಎಂದೇ ನಾನು ತಿಳಿದಿದ್ದೇನೆ.

ಏನೇನು ತೆಗೆದರು? ದಾರಿತಪ್ಪಿದ ಕುರಿಮರಿಯನ್ನು ತಾಯಿಯ ಬಳಿಗೆ ಒಯ್ಯುತ್ತಿರುವ ರೈತ. ಮಂದೆಯ ಕೆಂಪು ಹಸುಗಳ ಜೊತೆ ನಿಂತ ಹೆಂಗಸು. ಹಾಸಿಗೆ ಹಿಡಿದ ರೋಗಿಯನ್ನು ನೋಡಲು ಹಳ್ಳಿಮನೆಗೆ ಬಂದ ಡಾಕ್ಟರು. ಮನೆ ಹೊದಿಸುವ ಹುಲ್ಲಿಗಾಗಿ ಗೋಧಿ ಕೊಯ್ದು ಹೊಲದಲ್ಲಿ ನಿಲ್ಲಿಸಿದ ಸಿವುಡುಗಳು. ನೆರೆಯ ಮುದುಕ ರೈತರೊಬ್ಬರನ್ನು ವರ್ಷಗಟ್ಟಲೆ ತೆಗೆದರು. ಕುರಿಗಳಿಗೆಂದು ಐವಿ ಬಳ್ಳಿಯ ಹೊರೆ ಹೊತ್ತ ಅವರ 1975ರ ಚಿತ್ರ ಎಲ್ಲಕ್ಕಿಂತ ಹೆಸರುವಾಸಿ. ಯಾರನ್ನೂ ತಲೆ ಬಾಚಿಸಿ, ಒಳ್ಳೆಯ ಅಂಗಿ ತೊಡಿಸಿ ನಿಲ್ಲಿಸಲಿಲ್ಲ. ಅಂಗಳದ ಕೆಸರು, ಮುರಿದ ಗೇಟು, ಮಳೆ ಎಲ್ಲವೂ ಇದ್ದ ಹಾಗೇ ಇವೆ. ಸಣ್ಣ ಹಿಡುವಳಿಗಳು ದೊಡ್ಡ ಫಾರ್ಮುಗಳಲ್ಲಿ ಕರಗುತ್ತಿದ್ದ ಕಾಲ ಅದು. ಕೈಯಿಂದ ಮಾಡುತ್ತಿದ್ದ ಎಷ್ಟೋ ಕೆಲಸ ಯಂತ್ರದ ಪಾಲಾಗುತ್ತಿತ್ತು.

ಅವರ ಚಿತ್ರಗಳ ಬೆಳಕು ಒಂದು ಬಗೆಯಲ್ಲಿ ಮೆದು. ಅದಕ್ಕೂ ಕಾರಣವಿದೆ. ಹೊಸ ಲೆನ್ಸುಗಳ ಗಾಜಿಗೆ ತೆಳುವಾದ ಲೇಪ ಹಚ್ಚಿರುತ್ತಾರೆ. ಅದರಿಂದ ಕಪ್ಪು ಕಡುಕಪ್ಪಾಗಿ, ಬಿಳಿ ಅಚ್ಚಬಿಳಿಯಾಗಿ ಬರುತ್ತದೆ. ಜೇಮ್ಸ್‌ಗೆ ಅಷ್ಟು ಗಡುಸು ಬೇಡವಾಗಿತ್ತು. ತಮ್ಮ ಲೈಕಾ ಕ್ಯಾಮೆರಾಕ್ಕೆ ಲೇಪವಿಲ್ಲದ ಹಳೆಯ ಲೆನ್ಸುಗಳನ್ನು ಹುಡುಕಿ ಹಾಕಿಕೊಂಡರು. ಸೂರ್ಯನಿಗೆ ಎದುರಾಗಿ ನಿಂತು ತೆಗೆಯುವುದು ಅವರಿಗೆ ಇಷ್ಟ. ಕಪ್ಪಿಗೂ ಬಿಳುಪಿಗೂ ನಡುವಿನ ಬೂದಿಬಣ್ಣಗಳು ಆಗ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕುರಿಯ ಬೆನ್ನಿನ ಉಣ್ಣೆಯ ಅಂಚಿನಲ್ಲಿ, ಮಂಜು ಕವಿದ ಮರದ ಹಿಂದೆ ಅದನ್ನು ಗಮನಿಸಿ.

ಇನ್ನೊಂದು ಕೆಲಸವನ್ನೂ ಮಾಡಿದರು. ನನ್ನ ಮಟ್ಟಿಗೆ ಅದು ಅಷ್ಟೇ ದೊಡ್ಡದು. ಹಳ್ಳಿಯವರ ಮನೆಗಳಲ್ಲಿದ್ದ ಅಜ್ಜ ಮುತ್ತಜ್ಜಂದಿರ ಕಾಲದ ಫೋಟೊಗಳನ್ನು ಕೇಳಿ ಪಡೆದು, ಅವುಗಳ ನಕಲು ತೆಗೆದು ಕಾಪಿಟ್ಟರು. ಅಂಥ ಚಿತ್ರಗಳೇ ಸಾವಿರಾರು ಇವೆ. ಅದನ್ನು ಓದಿದ ದಿನ ನಮ್ಮ ಮನೆಯ ಹಳೆಯ ಆಲ್ಬಮ್ ತೆಗೆದು ನೋಡಿದೆ. ಮದುವೆಯ ಫೋಟೊ ಇದೆ, ನಾಮಕರಣದ್ದು ಇದೆ, ಆಯುಧಪೂಜೆಗೆ ಹೂ ಹಾಕಿಸಿಕೊಂಡ ಸ್ಕೂಟರಿನದೂ ಇದೆ. ನಮ್ಮಜ್ಜಿ ಎಲ್ಲದರಲ್ಲೂ ಸೆರಗು ಹೊದ್ದು ನೆಟ್ಟಗೆ ನಿಂತಿದ್ದಾರೆ. ಹಟ್ಟಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದ, ಕಣದಲ್ಲಿ ಮೊರ ಹಿಡಿದು ರಾಗಿ ತೂರುತ್ತಿದ್ದ ಅಜ್ಜಿಯದು ಒಂದೂ ಇಲ್ಲ. ನನಗೆ ಬೇಕಾದ ಅಜ್ಜಿ ಅವರು.

ಜೇಮ್ಸ್ ರವಿಲಿಯಸ್ 1999ರಲ್ಲಿ ತೀರಿಕೊಂಡರು. ಬೀಫರ್ಡಿನ ಸಂಗ್ರಹದ ಸಾವಿರಾರು ಚಿತ್ರಗಳು ಈಗ ಅಂತರ್ಜಾಲದಲ್ಲಿವೆ. ಊರಿನಿಂದ ಅಜ್ಜ ಅಜ್ಜಿ ಬಂದಿರುವಾಗ ಅವರ ಪಕ್ಕದಲ್ಲಿ ಕೂತು ನೋಡಿ. ಕಟ್ಟಿಟ್ಟ ಗೋಧಿಯನ್ನೂ ಒಟ್ಟಿದ ಹುಲ್ಲನ್ನೂ ಹಸು ಮೇವು ತಿನ್ನುವ ಜಾಗವನ್ನೂ ತೋರಿಸಿ, ಇದಕ್ಕೇನು ಹೇಳುತ್ತೀರಿ ಎಂದು ಕೇಳಿ. ಸಿವುಡು, ಬಣವೆ, ಗೋದಲಿ ಎನ್ನುತ್ತಾರೆ. ಕೆಲವಕ್ಕೆ ನಿಮ್ಮ ಅಪ್ಪ ಅಮ್ಮನಿಗೂ ಗೊತ್ತಿಲ್ಲದ ಹೆಸರು ಹೇಳಿಯಾರು. ಅವನ್ನು ಬರೆದು ಮುಂದಿನ ಸಂಚಿಕೆಗೆ ಕಳಿಸಿ.